ಮಾಯವಾದ ಭಾಗವತರು

ಮೊನ್ನೆ ಕಾರ್ಕಳದ ಮಾವ ಹಳೇ ಆಟದ ವಿಡಿಯೋ ಒಂದನ್ನು ಕೊಟ್ಟು, "ಇದನ್ನು ಸ್ವಲ್ಪ ಸರಿ ಮಾಡಿ ಕೊಡು ಮಾರಾಯ" ಅಂದ್ರು. ಅದರಲ್ಲಿ ಹಾಡಿದ ಭಾಗವತರು ಈಗಿಲ್ಲ. ಮಣಿಪಾಲದ ರೂಮಿನಲ್ಲಿ ಹೆಡ್‌ಫೋನ್ ಹಾಕಿ ಕೇಳಿದಾಗ ಪದ್ಯ ಚೆನ್ನಾಗಿಯೇ ಇತ್ತು. ಮಾವನ ಮೊಬೈಲಿನ ಒಂಟಿ ಸ್ಪೀಕರಿನಲ್ಲಿ ಮಾತ್ರ ಭಾಗವತರೇ ಮಾಯ! ಒಂದು ಬದಿಗಿದ್ದ ಚೆಂಡೆಯಷ್ಟೇ ಉಳಿದಿತ್ತು...

ಫೇಸ್ ಮೀಟರ್ ನೋಡಿದೆ. ಪದ್ಯ ಬಂದಾಗಲೆಲ್ಲ ಮುಳ್ಳು -1ರ ಹತ್ತಿರ. +1 ಅಂದ್ರೆ ಎಡ ಬಲ ಒಂದೇ ಅಲೆ. -1 ಅಂದ್ರೆ ಒಂದು ತಲೆಕೆಳಗು, ಎರಡನ್ನೂ ಕೂಡಿಸಿದರೆ ಸೊನ್ನೆ.

ಸ್ಟೀರಿಯೋಗೆ ಇಂಗ್ಲೆಂಡಿನ ಅಲನ್ ಬ್ಲಮ್ಲೀನ್ ಪೇಟೆಂಟ್ ಅರ್ಜಿ ಹಾಕಿದ್ದು 1931ರಲ್ಲಿ. ನಮ್ಮೂರವರು ಮಾತ್ರ 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೂ ಮಧ್ಯಮ ತರಂಗದಲ್ಲಿ ಆಟ ಕೇಳಿದ್ದು ಮೋನೋದಲ್ಲೇ. ಒಂದೇ ಚಾನೆಲ್ ಇದ್ದಲ್ಲಿ ಎಡ ಬಲದ ಜಗಳ ಎಲ್ಲಿಂದ?

1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರೆಲ್ಲ ಸೇರಿ ಗೋಪಾಲ ನಾಯ್ಕರ ಸಿರಿ ಪಾಡ್ದನವನ್ನು ಆಡಿಯೋ, ವಿಡಿಯೋ ಎರಡರಲ್ಲೂ ದಾಖಲಿಸಿದರು. 1998ರಲ್ಲಿ 15,683 ಸಾಲಿನ ಪುಸ್ತಕವಾಯ್ತು. ಸಾಲನ್ನು ಪುಸ್ತಕ ಉಳಿಸುತ್ತದೆ. ದನಿಯನ್ನು ಉಳಿಸೋದು ರೆಕಾರ್ಡಿಂಗ್ ಮಾತ್ರ.

ಮೂಲ ಫೈಲು ಹಾಗೇ ಇಟ್ಟು, ಪ್ರತಿಯಲ್ಲಿ ಒಂದು ಚಾನೆಲ್ ತಿರುಗಿಸಿದೆ. ಭಾಗವತರು ವಾಪಸ್ ಬಂದ್ರು. ಮಾವ ಮೊಬೈಲು ಕಿವಿಗಿಟ್ಟುಕೊಂಡು ಸುಮ್ಮನೆ ಕೂತರು.

ನಿಮ್ಮ ಮನೆಯ ಹಳೇ ವಿಡಿಯೋಗಳನ್ನೂ ಒಮ್ಮೆ ಮೋನೋದಲ್ಲಿ ಕೇಳಿ ನೋಡಿ, ಆಯ್ತಾ?