ಬೂಚು ಎಳೆಯುವುದು, ಗೋಲಿ ಒತ್ತುವುದು

ಬೆಂಗಳೂರಿನಿಂದ ಬಂದ ತಂಗಿಯ ಮಗ ಮೊನ್ನೆ ನಮ್ಮ ಇಡಗುಂದಿ ಮನೆಯ ಜಗಲಿಯಲ್ಲಿ ಎರಡು ಸಾಮಾನು ಇಟ್ಟ. ಒಂದು, ಮರದ ಹಿಡಿಯಿರುವ ಸುರುಳಿ ಕಡ್ಡಿ. ಇನ್ನೊಂದಕ್ಕೆ ಎರಡು ತೆಳು ತಗಡಿನ ಕಾಲು, ಒಂದು ಉದ್ದ, ಒಂದು ತುಸು ಗಿಡ್ಡ.

“ಇದೆಂತದಾ ಮಾಣಿ?”

“ವೈನ್ ಬಾಟ್ಲಿ ಬೂಚು ತೆಗೆಯದು ಮಾವ. ಸುರುಳಿ ಹೊಸ ಬಾಟ್ಲಿಗೆ. ಹಳೇದಕ್ಕೆ ಅದು ಆಗ್ತಿಲ್ಲೆ, ಬೂಚು ಪುಡಿಯಾಗ್ತು. ಅದಕ್ಕೆ ಈ ಎರಡು ಕಾಲಿಂದು.”

ಬೂಚು ಎಂದರೆ ಮರದ ತೊಗಟೆ. ಪೋರ್ಚುಗಲ್ ಕಡೆಯ ಓಕ್ ಮರದಿಂದ ಒಂಬತ್ತು ವರ್ಷಕ್ಕೊಮ್ಮೆ ಸುಲಿದು ಮಾಡುತ್ತಾರೆ. ಹೊಸತರಲ್ಲಿ ಗಟ್ಟಿ, ಸುರುಳಿ ಕಚ್ಚಿ ಕೂರುತ್ತದೆ. ಹತ್ತಿಪ್ಪತ್ತು ವರ್ಷ ಕಳೆದರೆ ಮೆತ್ತಗಾಗಿ ಉದುರುತ್ತದೆ, ಆಗ ಬದಿಯಿಂದ ಕಾಲು ತೂರಿಸಿ, ತಿರುವುತ್ತ ತಿರುವುತ್ತ ಮೇಲೆತ್ತಬೇಕು. ಕೋವಿಯ ನಳಿಗೆ ಚೊಕ್ಕ ಮಾಡುವ ಸುರುಳಿಯಿಂದಲೇ ಬೂಚಿನ ಸುರುಳಿ ಕಡ್ಡಿ ಹುಟ್ಟಿತೆಂದು ಹೇಳುವುದುಂಟು. 1795ರಲ್ಲಿ ಇದಕ್ಕೆ ಇಂಗ್ಲೆಂಡಿನಲ್ಲಿ ಮೊದಲ ಪೇಟೆಂಟ್ ಪಡೆದವನು ಸ್ಯಾಮ್ಯುಯೆಲ್ ಹೆನ್ಶಾಲ್, ಒಬ್ಬ ಪಾದ್ರಿ. ಪಾದ್ರಿಗೆ ಈ ಚಿಂತೆ ಯಾಕೆ ಬಂತೋ!

ನನಗೆ ನೆನಪಾದದ್ದು ಅಟ್ಟದ ಮೇಲಿನ ದ್ರಾಕ್ಷಾಸವ. ಒಣದ್ರಾಕ್ಷಿ, ಬೆಲ್ಲ, ಧಾತಕಿ ಹೂ ಹಾಕಿ ಹುಳಿ ಬರಿಸಿದ ಮದ್ದು. ಅದರಲ್ಲಿ ತಾನಾಗಿ ಹುಟ್ಟಿದ ಮದ್ಯವಿದೆ ಎಂದಿದ್ದರೆ ಅಪ್ಪಯ್ಯ ಕೋಲು ಹಿಡಿಯುತ್ತಿದ್ದ. ಬಾಟಲಿಯನ್ನು ನಿಲ್ಲಿಸಿಯೇ ಇಡುತ್ತಿದ್ದ, ಹಾಗಾಗಿ ಬೂಚು ಒಣಗಿ ಕೊರಡಾಗುತ್ತಿತ್ತು. ವೈನಿನವರು ಮಲಗಿಸಿ ಇಡುವುದು ಬೂಚು ತೇವವಾಗಿರಲಿ ಎಂದೇ. ನಮ್ಮಲ್ಲಿ ಮೊಳೆ ಹೊಡೆದು ಎಳೆದು, ಅರ್ಧ ಬೂಚು ಒಳಗೆ ಬೀಳಿಸಿ, ಆಯಿ ಮದ್ದನ್ನು ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದಳು.

ಆದರೆ ನಮ್ಮ ರಸ್ತೆಯ ಬಾಟಲಿ ಬೇರೆಯೇ. ಅದಕ್ಕೆ ಬೂಚೇ ಇಲ್ಲ.

ಯಲ್ಲಾಪುರ ದಾಟಿ ಅರಬೈಲ್ ಘಟ್ಟದ ಕಡೆಗೆ ಹೋಗುವ ಅಂಕೋಲಾ ರಸ್ತೆಯಲ್ಲಿ ನಮ್ಮೂರು. ಘಟ್ಟ ಹತ್ತಿ ಬಂದ ಲಾರಿಗೂ ಡ್ರೈವರನಿಗೂ ಒಟ್ಟಿಗೇ ನೀರಡಿಕೆ. 1970ರ ದಶಕದಲ್ಲಿ ಶಾಲೆ ಬಿಟ್ಟ ನಾವು ಅಂಗಡಿಯ ಮುಂದೆ ನಿಂತು ನೋಡುತ್ತಿದ್ದೆವು. “ಒಂದು ಸೋಡಾ ಒಡಿ” ಎಂದರೆ ಅಂಗಡಿಯವ ಹಸಿರು ಬಾಟಲಿ ಎತ್ತಿ, ಹಗ್ಗಕ್ಕೆ ಕಟ್ಟಿದ ಮರದ ತುಂಡನ್ನು ಬಾಯಿಗಿಟ್ಟು, ಅಂಗೈಯಿಂದ ಒಂದೇಟು ಕೊಡುತ್ತಿದ್ದ. ‘ಠಪ್’ ಎಂದು ಗೋಲಿ ಒಳಗೆ ಬಿದ್ದು ಸೋಡಾ ಉಕ್ಕುತ್ತಿತ್ತು. ಬಾಟಲಿ ಒಡೆಯುವುದಿಲ್ಲ, ಆದರೂ ಯಾರೂ ಸೋಡಾ ‘ತೆಗಿ’ ಎನ್ನಲಿಲ್ಲ.

ಈ ಬಾಟಲಿ ಹಿರಮ್ ಕಾಡ್ ಎಂಬ ಇಂಗ್ಲೆಂಡಿನವನದು, 1872ರದ್ದು. ತುಂಬುವಾಗ ಬಾಟಲಿಯನ್ನು ಬೋರಲು ಹಾಕುತ್ತಾರೆ. ಗೋಲಿ ಬಾಯಿಯ ರಬ್ಬರ್ ಬಳೆಯ ಮೇಲೆ ಕೂರುತ್ತದೆ, ಒಳಗಿನ ಗ್ಯಾಸೇ ಅದನ್ನು ಒತ್ತಿ ಹಿಡಿಯುತ್ತದೆ. ಬೂಚನ್ನು ಹೊರಗೆ ಎಳೆಯಬೇಕು, ಗೋಲಿಯನ್ನು ಒಳಗೆ ದೂಡಬೇಕು, ಅಷ್ಟೇ ವ್ಯತ್ಯಾಸ. ಕುತ್ತಿಗೆಯ ಎರಡು ತಗ್ಗು ಕೆಳಗೆ ಬರುವ ಹಾಗೆ ಬಗ್ಗಿಸಿದರೆ ಗೋಲಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದು ತಿಳಿಯದ ಹೊಸಬನಿಗೆ ಗುಟುಕು ಗುಟುಕಿಗೂ ಗೋಲಿ ಅಡ್ಡ.

ಇಲ್ಲೂ ಹೊಸದು ಹಳೇದು ಎಂಬ ಲೆಕ್ಕವಿತ್ತು. ಹೊಸ ರಬ್ಬರಿನ ಬಾಟಲಿಗೆ ಅಂಗೈ ಕೆಂಪಾಗುವಂಥ ಏಟು ಬೇಕು. ಹಳೇ ರಬ್ಬರ್ ಬಿರುಕುಬಿಟ್ಟಿದ್ದರೆ ಗ್ಯಾಸ್ ಸೋರಿರುತ್ತದೆ, ಹೆಬ್ಬೆರಳು ಸಾಕು, ಸದ್ದೂ ಇಲ್ಲ. ಸದ್ದಿಲ್ಲದ ಸೋಡಾಕ್ಕೆ ಡ್ರೈವರುಗಳು ದುಡ್ಡು ಕೊಡುತ್ತಿರಲಿಲ್ಲ. ಅದಕ್ಕೇ ಅಂಗಡಿಯವ ಒಡೆಯುವ ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿದು, ಗೋಲಿಯ ಸುತ್ತ ಗುಳ್ಳೆ ಏಳುತ್ತಿದೆಯೇ ನೋಡುತ್ತಿದ್ದ. ಒಮ್ಮೆ ಯಾವುದೋ ಬಾಟಲಿ ತಾನಾಗಿ ಸಿಡಿದು ನನ್ನ ಮೊಣಕೈಗೆ ಗಾಜು ತಾಗಿತು, ಕಲೆ ಇನ್ನೂ ಇದೆ. ಅದರ ಗೋಲಿಗಾಗಿ ನಾವು ನಾಲ್ವರು ಜಗಳವಾಡಿದ್ದೆವು. ಗಾಯ ಆದವನಿಗೇ ಗೋಲಿ ಎಂದು ಕೊನೆಗೆ ತೀರ್ಮಾನವಾಯಿತು.

1977ರಲ್ಲಿ ಕೋಕಾ ಕೋಲಾ ದೇಶ ಬಿಟ್ಟು ಹೋದದ್ದು ಈ ರಸ್ತೆಗೆ ಗೊತ್ತೇ ಆಗಲಿಲ್ಲ. ತಗಡಿನ ಮುಚ್ಚಳದ ಬಾಟಲಿ ಮದುವೆ ಮನೆಗಷ್ಟೇ ಬರುತ್ತಿತ್ತು. 1892ರಲ್ಲೇ ಬಾಲ್ಟಿಮೋರಿನ ವಿಲಿಯಂ ಪೇಂಟರ್ ಆ ಮುಚ್ಚಳ ಮಾಡಿದ್ದ. ಅದನ್ನು ಮೇಜಿನ ಅಂಚಿಗೆ ಒತ್ತಿ ತೆಗೆಯುವವರೂ ಹಲ್ಲಿನಿಂದ ತೆಗೆಯುವವರೂ ಇದ್ದರು. ಕೋಕಾ ಕೋಲಾ 1993ರಲ್ಲಿ ಮತ್ತೆ ಬಂತು, ಹಿಂದಿನಿಂದ ತಿರುಪಿನ ಮುಚ್ಚಳದ ಪ್ಲಾಸ್ಟಿಕ್ ಬಂತು. ಅದನ್ನು ಯಾರು ಬೇಕಾದರೂ ತೆಗೆಯಬಹುದು, ಅಂಗಡಿಯವನ ಕೈ ಬೇಕಿಲ್ಲ. ಈ ರಸ್ತೆಯಲ್ಲಿ ಓಡುತ್ತಿದ್ದ ಕಬ್ಬಿಣದ ಅದಿರಿನ ಲಾರಿಗಳ ಸಾಲೂ 2010ರ ಅದಿರು ರಫ್ತು ನಿಷೇಧದಿಂದ ನಿಂತಿತು. ಅಷ್ಟರಲ್ಲಿ ಹಗ್ಗಕ್ಕೆ ಕಟ್ಟಿದ ಮರದ ತುಂಡು ಅಂಗಡಿಯಲ್ಲಿ ಇರಲಿಲ್ಲ. ಈಗ ಪೇಟೆಗಳಲ್ಲಿ ಗೋಲಿ ಸೋಡಾ ಮತ್ತೆ ಬಂದಿದೆಯಂತೆ, ಬಣ್ಣ ಬಣ್ಣದ್ದು.

ಇಷ್ಟು ಹೇಳಿ ಮಾಣಿಯನ್ನು ಅಟ್ಟಕ್ಕೆ ಹತ್ತಿಸಿದೆ. ಮೂಲೆಯಲ್ಲಿ ಅಪ್ಪಯ್ಯನ ಕಾಲದ ಒಂದು ಬಾಟಲಿ ಉಳಿದಿತ್ತು, ಕುತ್ತಿಗೆಗೆ ಅರಗು. ಅರಗು ಕೆರೆದು, ಉದ್ದ ಕಾಲನ್ನು ಮೊದಲು, ಗಿಡ್ಡದ್ದನ್ನು ಆಮೇಲೆ ಇಳಿಸಿ, ಅಲ್ಲಾಡಿಸುತ್ತ ತಿರುಗಿಸಿದ. ಬೂಚು ಇಡೀ ಬಂತು, ಕಪ್ಪು ಬೆಲ್ಲದ ಬಣ್ಣ ಹೀರಿತ್ತು. ತಳದಲ್ಲಿ ಜೋನಿಬೆಲ್ಲದಂಥ ಎರಡು ಬೆರಳಿನಷ್ಟು ಮದ್ದು. ಮಾಣಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿದ.

ಒಳಗಿನಿಂದ ಆಯಿ ಕೂಗಿದಳು, “ಊಟ ಆದ ಮೇಲೆ ಎರಡೇ ಚಮಚ!”