ಹಕ್ಕಿಗೂ ಕ್ಯಾಮೆರಾಕ್ಕೂ ನಡುವೆ ಎಷ್ಟು ದೂರ?

ಹಕ್ಕಿ ಫೋಟೊ ತೆಗೆಯೋಕೆ ಯಾವ ಕ್ಯಾಮೆರಾ ತಗೋಬೇಕು ಅಂತ ನಿಮ್ಮಲ್ಲಿ ತುಂಬಾ ಜನ ಕೇಳ್ತಿರ್ತೀರಿ. ನನ್ನ ಉತ್ತರ ಇಷ್ಟೇ: ಮೊದಲು ಲೆನ್ಸಿಗೆ ದುಡ್ಡು ಹಾಕಿ, ಉಳಿದದ್ದರಲ್ಲಿ ಕ್ಯಾಮೆರಾ ತಗೊಳ್ಳಿ. ಯಾಕೆ ಅನ್ನೋದಕ್ಕೆ ನೂರು ವರ್ಷಕ್ಕೂ ಹಳೆಯ ಇತಿಹಾಸ ಇದೆ. ಅದಕ್ಕೂ ಮೊದಲು ನನ್ನದೇ ಒಂದು ತಪ್ಪಿನ ಕಥೆ.

ಕಾಲೇಜಿನಲ್ಲಿದ್ದಾಗ ನನ್ನ ಹತ್ರ ಒಂದು ಹಳೆಯ ಡಿಎಸ್‌ಎಲ್‌ಆರ್, ಅದರ ಜೊತೆಗೇ ಬಂದಿದ್ದ 18–55 ಎಂಎಂ ಲೆನ್ಸ್ ಇತ್ತು. ಮನೆ ಹಿಂದಿನ ದಾಸವಾಳ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಆ ಲೆನ್ಸಿನಲ್ಲಿ ಹಕ್ಕಿ ದೊಡ್ಡದಾಗಿ ಕಾಣಬೇಕಂದ್ರೆ ಎರಡು ಮೂರು ಅಡಿ ಹತ್ತಿರ ಹೋಗಬೇಕು. ಹೋದೆ. ಅಡ್ಡ ಬಂದ ಎಲೆಗಳನ್ನೂ ಸರಿಸಿದೆ. ಮೂರನೇ ದಿನದ ಹೊತ್ತಿಗೆ ಹಕ್ಕಿಗಳು ಗೂಡು ಬಿಟ್ಟು ಹೋಗಿದ್ವು. ಎರಡು ಮೊಟ್ಟೆ ಅಲ್ಲೇ ಉಳಿದವು. ಆ ಫೋಟೊಗಳು ಈಗಲೂ ನನ್ನ ಹಾರ್ಡ್ ಡಿಸ್ಕಿನಲ್ಲಿವೆ, ಯಾರಿಗೂ ತೋರಿಸಿಲ್ಲ.

ಈಗ ಇತಿಹಾಸಕ್ಕೆ ಬರೋಣ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಎಂಬ ಅಣ್ಣತಮ್ಮಂದಿರು 1892ರಲ್ಲಿ ಮೊಟ್ಟೆಗಳಿದ್ದ ಹಕ್ಕಿಗೂಡಿನ ಫೋಟೊ ತೆಗೆದರು. 1895ರಲ್ಲಿ ಇಂಥ ಚಿತ್ರಗಳದ್ದೇ ಒಂದು ಪುಸ್ತಕ ತಂದರು. ದೂರದಿಂದ ಹಿಡಿಯೋ ಈಗಿನಂಥ ಲೆನ್ಸ್ ಅವರ ಬಳಿ ಇರಲಿಲ್ಲ. ಹಾಗಾಗಿ ಎತ್ತಿನ ಚರ್ಮ ಹೊದಿಸಿದ ಟೊಳ್ಳು ಬೊಂಬೆ ಮಾಡಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ಕೂರುತ್ತಿದ್ದರು! ಕೇಳೋಕೆ ತಮಾಷೆ, ಆದರೆ ಸಮಸ್ಯೆ ನಿಜವಾದದ್ದು. ಹಕ್ಕಿ ಖಂಡಿತ ವಾಪಸ್ ಬರುವ ಜಾಗ ಅಂದ್ರೆ ಗೂಡು ಒಂದೇ. ಹಾಗಾಗಿ ಮುಂದೆ ಎಷ್ಟೋ ದಶಕ ಹಕ್ಕಿ ಛಾಯಾಗ್ರಹಣ ಅಂದ್ರೆ ಬಹುಪಾಲು ಗೂಡಿನ ಛಾಯಾಗ್ರಹಣವೇ ಆಗಿತ್ತು.

ಮುಂದೆ ಉದ್ದನೆಯ ಲೆನ್ಸ್ ಬಂತು. ಆದರೆ ಬೆಳಕಿನ ತೊಂದರೆ ಉಳಿಯಿತು. ಹೆಸರಾಂತ ಕೊಡಾಕ್ರೋಮ್ ಫಿಲ್ಮಿನ ಐಎಸ್‌ಒ 64. ರೋಲಿಗೆ 36 ಚಿತ್ರ. ಬೆಳಗಿನ ನೆರಳಲ್ಲಿ ಎಫ್ 5.6 ಇಟ್ಟರೆ ಶಟರ್ ವೇಗ ಸುಮಾರು 1/30 ಸೆಕೆಂಡಿಗೆ ಇಳಿಯುತ್ತೆ. ಅಷ್ಟರಲ್ಲಿ ಹಕ್ಕಿ ತಲೆ ತಿರುಗಿಸಿದರೂ ಚಿತ್ರ ಮಸುಕು. ಅದೇ ಬೆಳಕಲ್ಲಿ ಐಎಸ್‌ಒ 1600 ಸಿಕ್ಕರೆ ಸುಮಾರು 1/750! ಡಿಜಿಟಲ್ ನಿಜವಾಗಿ ಬದಲಾಯಿಸಿದ್ದು ಇದನ್ನೇ. ಫಿಲ್ಮಿನ ಕಾಲದಲ್ಲೇ ನಮ್ಮ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಹಕ್ಕಿಗಳ ಬೆನ್ನು ಹತ್ತಿದ್ದರು ಅನ್ನೋದನ್ನ ನೆನಪಿಸಿಕೊಂಡ್ರೆ ಅವರ ತಾಳ್ಮೆಯ ಬೆಲೆ ಗೊತ್ತಾಗುತ್ತೆ.

1999ರಲ್ಲಿ ನಿಕಾನ್ ಡಿ1 ಬಂತು. 2.7 ಮೆಗಾಪಿಕ್ಸೆಲ್, ಬೆಲೆ 5,000 ಡಾಲರಿಗೂ ಹೆಚ್ಚು. 2003ರಲ್ಲಿ ಕ್ಯಾನನ್ 300ಡಿ, 6.3 ಮೆಗಾಪಿಕ್ಸೆಲ್, ಬೆಲೆ 1,000 ಡಾಲರಿನೊಳಗೆ. ನಾಲ್ಕೇ ವರ್ಷ ನೋಡಿ! ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಂತೂ ಹಕ್ಕಿಯ ಕಣ್ಣನ್ನು ತಾವೇ ಹುಡುಕಿ ಫೋಕಸ್ ಮಾಡ್ತವೆ. ಕ್ಯಾಮೆರಾ ಬೇಗ ಹಳೆಯದಾಗುತ್ತೆ, ಒಳ್ಳೆ ಲೆನ್ಸ್ ಆಗಲ್ಲ.

ನನ್ನ ಮೆಚ್ಚಿನದು 1993ರಲ್ಲಿ ಬಂದ ಕ್ಯಾನನ್ 400 ಎಂಎಂ ಎಫ್ 5.6. ಸೆಕೆಂಡ್ ಹ್ಯಾಂಡ್ ತಗೊಂಡೆ. ಕೈ ನಡುಗಿದರೆ ಸರಿಪಡಿಸೋ ಸೌಲಭ್ಯ ಇದರಲ್ಲಿಲ್ಲ, ಜೂಮ್ ಕೂಡ ಇಲ್ಲ. ಆದರೆ ತೂಕ ಬರೀ ಒಂದೂಕಾಲು ಕೆಜಿ, ದಿನವಿಡೀ ಹೊತ್ತು ನಡೀಬಹುದು. ಸಣ್ಣ ಸೆನ್ಸರಿನ ಕ್ಯಾನನ್ ಕ್ಯಾಮೆರಾಕ್ಕೆ ಹಾಕಿದರೆ 640 ಎಂಎಂನಷ್ಟು ಹತ್ತಿರ ಕಾಣುತ್ತೆ. ಜೂಮ್ ಬೇಕು ಅನ್ನೋರಿಗೆ 150–600 ಎಂಎಂ ಲೆನ್ಸ್‌ಗಳಿವೆ, ಎರಡು ಕೆಜಿ ಹೊರೋಕೆ ಸಿದ್ಧರಿದ್ದರೆ. ಈ ಉದ್ದನೆಯ ಲೆನ್ಸ್ ನನಗೆ ಕೊಟ್ಟ ದೊಡ್ಡ ಲಾಭ ಚೂಪಾದ ಚಿತ್ರ ಅಲ್ಲ. ಹಿಂದೆ ಸರಿದು ನಿಲ್ಲೋ ಅವಕಾಶ.

ಬರೀ ಫೋನ್ ಇದ್ದರೆ? ಫೋನಿನ ಡಿಜಿಟಲ್ ಜೂಮ್ ಅಂದ್ರೆ ಚಿತ್ರದ ನಡುಭಾಗ ಕತ್ತರಿಸಿ ಹಿಗ್ಗಿಸೋದು ಅಷ್ಟೇ. ಅದನ್ನ ನಂಬಿ ಗೂಡಿನ ಹತ್ತಿರ ಹೋಗಬೇಡಿ. ಅಣಬೆ, ಜೇಡರ ಬಲೆ, ಮರದ ತೊಗಟೆ, ಮಳೆ ಹನಿ, ಇವಕ್ಕೆ ಫೋನೇ ಸಾಕು. ಹಕ್ಕಿ ಬೇಕಂದ್ರೆ ರಂಗನತಿಟ್ಟಿಗೆ ಹೋಗಿ. ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ದೋಣಿಯಲ್ಲಿ ಸುಮ್ಮನೆ ಕೂತು ಕಣ್ಣಾರೆ ನೋಡಿ. ಚಿತ್ರ ಸಿಗದಿದ್ದರೂ ಪರವಾಗಿಲ್ಲ.

ನನ್ನ ಹತ್ರ ಆ ಪಿಕಳಾರದ ಮೂವತ್ತು ಚಿತ್ರ ಇವೆ. ಅದರ ಮರಿಯ ಚಿತ್ರ ಒಂದೂ ಇಲ್ಲ. ಮುಂದಿನ ವಾರ ಸಿಗೋಣ.