ವಿಡಿಯೊ ಗೇಮ್ ಸುಗಮ್ಯತೆ: ದೈಹಿಕ ಅಂಗವಿಕಲತೆ

ಕೈ, ತೋಳು, ಬೆರಳುಗಳಲ್ಲಿ ಬಲ ಅಥವಾ ಚಲನೆ ಕಡಿಮೆ ಇರುವವರೂ ವಿಡಿಯೊ ಗೇಮ್ ಆಡಲು ಅನುವಾಗುವಂತೆ ಸಾಧನವನ್ನೂ ತಂತ್ರಾಂಶವನ್ನೂ ರೂಪಿಸುವ ಕ್ರಮ. ಬೆನ್ನುಹುರಿಗೆ ಪೆಟ್ಟಾದವರು, ಸೆರೆಬ್ರಲ್ ಪಾಲ್ಸಿ ಅಥವಾ ಸ್ನಾಯುಕ್ಷಯ ಇರುವವರು, ಕೈ ಕಳೆದುಕೊಂಡವರು, ಸಂಧಿವಾತದಿಂದ ಬೆರಳು ಬಿಗಿದವರು ಇದರ ಮುಖ್ಯ ಬಳಕೆದಾರರು. ದೃಷ್ಟಿ ಮತ್ತು ಶ್ರವಣಕ್ಕೆ ಸಂಬಂಧಿಸಿದ ಸುಗಮ್ಯತೆ ಬೇರೆಯೇ ವಿಷಯ.

ಈಗಿನ ಸಾಮಾನ್ಯ ಕಂಟ್ರೋಲರಿನಲ್ಲಿ ಎರಡು ಸ್ಟಿಕ್, ಒಂದು ದಿಕ್ಕುಗುಂಡಿ, ಮುಂಭಾಗದಲ್ಲಿ ನಾಲ್ಕು ಗುಂಡಿ, ಮೇಲಂಚಿನಲ್ಲಿ ಇನ್ನೂ ನಾಲ್ಕು ಇರುತ್ತವೆ. ಎರಡೂ ಅಂಗೈಗಳಲ್ಲಿ ಅದನ್ನು ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳುಗಳನ್ನು ಏಕಕಾಲಕ್ಕೆ ಆಡಿಸಬೇಕು. ಮೊದಲಿಗೆ ಹೀಗಿರಲಿಲ್ಲ. 1977ರ ಅಟಾರಿ ಯಂತ್ರದ ಹಿಡಿಕೆಗೆ ಇದ್ದದ್ದು ಒಂದೇ ಗುಂಡಿ. 1990ರ ದಶಕದ ಕೊನೆಗೆ ಮೂರು ಆಯಾಮದ ಆಟಗಳು ಬಂದವು. ಒಂದು ಹೆಬ್ಬೆರಳು ಪಾತ್ರವನ್ನು ನಡೆಸುವಾಗಲೇ ಇನ್ನೊಂದು ಕ್ಯಾಮೆರಾ ತಿರುಗಿಸಬೇಕಾಯಿತು. ತಂತ್ರಜ್ಞಾನ ಮುಂದುವರಿದಷ್ಟೂ ಆಟ ಕೆಲವರ ಕೈಗೆ ಸಿಗದಂತಾದದ್ದು ಈ ಉದ್ಯಮದ ಇತಿಹಾಸದಲ್ಲಿ ಹೆಚ್ಚು ಚರ್ಚೆಯಾಗದ ಸಂಗತಿ.

ಪರಿಹಾರದ ಪ್ರಯತ್ನಗಳು ಹಳೆಯವೇ. ಅಮೆರಿಕದ ಏರೋಸ್ಪೇಸ್ ಎಂಜಿನಿಯರ್ ಕೆನ್ ಯಾಂಕೆಲೆವಿಟ್ಜ್ 1981ರಿಂದ ಕೈಕಾಲು ಸ್ವಾಧೀನದಲ್ಲಿಲ್ಲದವರಿಗಾಗಿ ಬಾಯಿಂದ ನಡೆಸುವ ಕಂಟ್ರೋಲರುಗಳನ್ನು ಒಂದೊಂದಾಗಿ ಕೈಯಲ್ಲೇ ತಯಾರಿಸಿಕೊಟ್ಟರು. 1989ರಲ್ಲಿ ನಿಂಟೆಂಡೊ ಕಂಪನಿ ಎದೆಗೆ ಕಟ್ಟಿಕೊಳ್ಳುವ ಹ್ಯಾಂಡ್ಸ್ ಫ್ರೀ ಕಂಟ್ರೋಲರ್ ತಂದಿತು. ಅದರ ಹಿಡಿಕೆಯನ್ನು ಗಲ್ಲ ಅಥವಾ ನಾಲಿಗೆಯಿಂದ ತಳ್ಳಬೇಕು. ಗುಂಡಿ ಒತ್ತುವ ಬದಲು ಕೊಳವೆಯಲ್ಲಿ ಗಾಳಿ ಊದಬೇಕು ಅಥವಾ ಹೀರಬೇಕು. ಅದು ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ, ಕಂಪನಿಯ ಗ್ರಾಹಕ ಸೇವೆಯ ಮೂಲಕವೇ ತರಿಸಿಕೊಳ್ಳಬೇಕಿತ್ತು. ಇಂದಿನ ಕ್ವಾಡ್‌ಸ್ಟಿಕ್ ಎಂಬ ಸಾಧನವೂ ಇದೇ ತತ್ವದ ಮೇಲೆ ನಿಂತಿದೆ.

ಆಮೇಲಿನ ಮೂರು ದಶಕಗಳ ಕಾಲ ದೊಡ್ಡ ಕಂಪನಿಗಳು ಹೆಚ್ಚುಕಡಿಮೆ ಸುಮ್ಮನಿದ್ದವು. ಕೆಲಸ ನಡೆಸಿದವು ಸೇವಾಸಂಸ್ಥೆಗಳು: ಅಮೆರಿಕದಲ್ಲಿ 2004ರಲ್ಲಿ ಆರಂಭವಾದ ಏಬಲ್‌ಗೇಮರ್ಸ್, ಬ್ರಿಟನ್ನಿನಲ್ಲಿ 2007ರಲ್ಲಿ ಆರಂಭವಾದ ಸ್ಪೆಷಲ್‌ಎಫೆಕ್ಟ್. ಸ್ಪೆಷಲ್‌ಎಫೆಕ್ಟ್‌ನ ತಜ್ಞರು ಒಬ್ಬೊಬ್ಬ ಆಟಗಾರನ ದೇಹ ಎಲ್ಲೆಲ್ಲಿ ಆಡುತ್ತದೆ, ಎಷ್ಟು ಹೊತ್ತಿಗೆ ದಣಿಯುತ್ತದೆ ಎಂದು ನೋಡಿ, ಅದಕ್ಕೆ ಹೊಂದುವ ಸ್ವಿಚ್ಚುಗಳನ್ನು ಎರವಲು ಕೊಡುತ್ತಾರೆ. ಒಂದೇ ಕಾಯಿಲೆಯ ಇಬ್ಬರಿಗೆ ಒಂದೇ ಸಾಧನ ಹೊಂದುವುದಿಲ್ಲ ಎಂಬ ಈ ಅನುಭವವೇ ಮುಂದಿನದಕ್ಕೆಲ್ಲ ತಳಹದಿ.

2018ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಆ ಪಾಠವನ್ನು ಸರಿಯಾಗಿ ಕಲಿತಿತ್ತು. ಮೈಕ್ರೋಸಾಫ್ಟ್ ಇದನ್ನು ಮೇಲಿನ ಎರಡು ಸಂಸ್ಥೆಗಳು, ಗಾಯಗೊಂಡ ಸೈನಿಕರಿಗೆ ಸಾಧನ ಮಾಡಿಕೊಡುವ ವಾರ್‌ಫೈಟರ್ ಎಂಗೇಜ್ಡ್, ಸೆರೆಬ್ರಲ್ ಪಾಲ್ಸಿ ಫೌಂಡೇಶನ್ ಮತ್ತು ಕ್ರೇಗ್ ಆಸ್ಪತ್ರೆಯ ಜೊತೆ ಸೇರಿ ರೂಪಿಸಿತು. ಮೇಲ್ಭಾಗದಲ್ಲಿ ಕಾಣುವುದು ಎರಡು ದೊಡ್ಡ ದುಂಡು ಗುಂಡಿಗಳು, ಆದರೆ ಸತ್ವ ಇರುವುದು ಹಿಂಬದಿಯಲ್ಲಿ. ಅಲ್ಲಿ 3.5 ಮಿ.ಮೀ. ಅಳತೆಯ 19 ಜ್ಯಾಕ್‌ಗಳಿವೆ, ಪ್ರತಿಯೊಂದೂ ಸಾಮಾನ್ಯ ಕಂಟ್ರೋಲರಿನ ಒಂದು ಗುಂಡಿಗೆ ಸಮ. ಪುನರ್ವಸತಿ ಕೇಂದ್ರಗಳಲ್ಲಿ ಬಳಸುವ ಸ್ವಿಚ್ಚುಗಳಿಗೆ ಇರುವುದೂ ಇದೇ ಅಳತೆಯ ಪ್ಲಗ್. ಹಾಗಾಗಿ ಕಾಲಿನ ಪೆಡಲ್, ತಲೆ ಒರಗಿಸಿದರೆ ಒತ್ತುವ ಗುಂಡಿ, ಊದುವ ಕೊಳವೆ ಎಲ್ಲವನ್ನೂ ಇದಕ್ಕೆ ಸಿಕ್ಕಿಸಬಹುದು. ಗಾಲಿಕುರ್ಚಿಗೆ ಬಿಗಿಯಲು ತಿರುಪಿನ ತೂತುಗಳಿವೆ. ಪೆಟ್ಟಿಗೆಯನ್ನು ಬಿಚ್ಚಲು ಯಾರೂ ಹಲ್ಲು ಬಳಸಬೇಕಾಗಬಾರದು ಎಂದು ಅದಕ್ಕೂ ದೊಡ್ಡ ಕುಣಿಕೆಗಳನ್ನು ಇಟ್ಟಿದ್ದಾರೆ. ಆಗಿನ ಬೆಲೆ 99.99 ಡಾಲರ್. ಸ್ವಿಚ್ಚುಗಳನ್ನು ಮಾತ್ರ ಬೇರೆಯಾಗಿ ಕೊಳ್ಳಬೇಕು. ಒಂದೊಂದಕ್ಕೂ ಹತ್ತಾರು ಡಾಲರ್ ಆಗುವುದರಿಂದ ನಿಜವಾದ ಖರ್ಚು ಅಲ್ಲಿಯೇ. 2019ರಲ್ಲಿ ಲಾಜಿಟೆಕ್ ಇದಕ್ಕಾಗಿಯೇ 12 ಸ್ವಿಚ್ಚುಗಳ ಕಟ್ಟನ್ನು ಅಷ್ಟೇ ಬೆಲೆಗೆ ಕೊಟ್ಟಾಗ ಹೊರೆ ಸ್ವಲ್ಪ ಇಳಿಯಿತು. ಸೋನಿಯ ಆಕ್ಸೆಸ್ ಕಂಟ್ರೋಲರ್ ಬಂದದ್ದು 2023ರ ಡಿಸೆಂಬರಿನಲ್ಲಿ.

ಸಾಧನಕ್ಕಿಂತ ಅಗ್ಗದ ದಾರಿ ತಂತ್ರಾಂಶದಲ್ಲಿದೆ. ಯಾವ ಗುಂಡಿಗೆ ಯಾವ ಕೆಲಸ ಎಂಬುದನ್ನು ಆಟಗಾರನೇ ಬದಲಿಸಿಕೊಳ್ಳುವ ಸೌಲಭ್ಯ ಇವುಗಳಲ್ಲಿ ಮೊದಲನೆಯದು. ಪ್ಲೇಸ್ಟೇಷನ್ 4ರಲ್ಲಿ ಅದು 2015ರಲ್ಲಿ, ನಿಂಟೆಂಡೊ ಸ್ವಿಚ್‌ನಲ್ಲಿ 2020ರಲ್ಲಿ ಬಂತು. ಎಕ್ಸ್‌ಬಾಕ್ಸ್ 2017ರಲ್ಲಿ ತಂದ ಕೋಪೈಲಟ್ ಸೌಲಭ್ಯದಲ್ಲಿ ಎರಡು ಕಂಟ್ರೋಲರುಗಳು ಒಂದರಂತೆ ಕೆಲಸ ಮಾಡುತ್ತವೆ: ಮಗ ದಿಕ್ಕು ನೋಡಿಕೊಂಡರೆ ತಾಯಿ ಗುಂಡಿ ಒತ್ತಬಹುದು. ಆಟದ ಒಳಗಿನ ಬದಲಾವಣೆಗಳೂ ಅಷ್ಟೇ ಮುಖ್ಯ. ಗುಂಡಿಯನ್ನು ಒತ್ತಿ ಹಿಡಿದೇ ಇರುವ ಬದಲು ಒಮ್ಮೆ ಒತ್ತಿ ಬಿಟ್ಟರೆ ಸಾಕು ಎನ್ನುವ ಆಯ್ಕೆ, ಪಟಪಟನೆ ಒತ್ತಬೇಕಾದ ದೃಶ್ಯಗಳನ್ನು ದಾಟುವ ಆಯ್ಕೆ, ಗುರಿ ತಾನಾಗಿ ಕೂರುವ ನೆರವು, ನಡುಕದ ಕೈಗೆ ಸ್ಟಿಕ್ಕಿನ ಸೂಕ್ಷ್ಮತೆ ತಗ್ಗಿಸುವ ಅವಕಾಶ. ಒಂದು ಸಣ್ಣ ತಂಡ 2018ರಲ್ಲಿ ಹೊರತಂದ ಸೆಲೆಸ್ಟ್ ಆಟದಲ್ಲಿ ವೇಗವನ್ನೇ ಕಡಿಮೆ ಮಾಡಿಕೊಳ್ಳಬಹುದು. ದೊಡ್ಡ ಬಜೆಟ್ಟಿನ ದ ಲಾಸ್ಟ್ ಆಫ್ ಅಸ್ ಭಾಗ 2ರಲ್ಲಿ (2020) ಸುಗಮ್ಯತೆಯ 60ಕ್ಕೂ ಹೆಚ್ಚು ಆಯ್ಕೆಗಳಿದ್ದವು. ಆಟ ಮುಗಿದ ಮೇಲೆ ಇವನ್ನು ಸೇರಿಸಹೊರಟರೆ ಖರ್ಚು ಹೆಚ್ಚು; ಮೊದಲ ನಕ್ಷೆಯಲ್ಲೇ ಇದ್ದರೆ ಬಹುಪಾಲು ಕೆಲಸ ಮೆನು ಬರೆಯುವಷ್ಟರಲ್ಲೇ ಮುಗಿಯುತ್ತದೆ.

ಇಂಥ ಆಯ್ಕೆಗಳಿಂದ ಆಟದ ಸವಾಲು ಸತ್ತುಹೋಗುತ್ತದೆ ಎಂಬ ಆಕ್ಷೇಪ ಇದೆ. 2019ರಲ್ಲಿ ಸೆಕಿರೋ ಎಂಬ ಕಠಿಣ ಆಟ ಬಂದಾಗ ಈ ವಾದ ಜೋರಾಗಿಯೇ ನಡೆಯಿತು. ಆಕ್ಷೇಪಕ್ಕೆ ಹುರುಳು ಕಡಿಮೆ. ಒಬ್ಬರೇ ಕೂತು ಆಡುವ ಆಟದಲ್ಲಿ ಪಕ್ಕದ ಮನೆಯವರ ಆಯ್ಕೆಯಿಂದ ಯಾರ ಗೆಲುವೂ ಕುಗ್ಗುವುದಿಲ್ಲ. ಸ್ಪರ್ಧೆಯ ಆಟಗಳಲ್ಲಿ ಪ್ರಶ್ನೆ ತುಸು ಜಟಿಲ: ಮೋಸಕ್ಕೆ ಬಳಸುವ ಅಡಾಪ್ಟರುಗಳನ್ನು ತಡೆಯಹೊರಟರೆ ಅಂಗವಿಕಲರು ನೆಚ್ಚಿದ ಸಾಧನವೂ ನಿಲ್ಲಬಹುದು. 2023ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಅನಧಿಕೃತ ಉಪಕರಣಗಳನ್ನು ನಿರ್ಬಂಧಿಸಿದಾಗ ಎದ್ದ ದೂರುಗಳಲ್ಲಿ ಅವರದೂ ಇತ್ತು. ಇನ್ನು ಕೌಶಲದ ಮಾತು. ಹುಟ್ಟಿನಿಂದ ಕೀಲುಗಳು ಬಿಗಿದಿದ್ದ ಅಮೆರಿಕದ ಮೈಕ್ ಬೇಗಮ್ ಸಾಮಾನ್ಯ ಕಂಟ್ರೋಲರನ್ನೇ ಮುಖ ಮತ್ತು ಬಾಯಿಯಿಂದ ಆಡಿಸಿ ಸ್ಟ್ರೀಟ್ ಫೈಟರ್ ಸ್ಪರ್ಧೆಗಳಲ್ಲಿ ಹೆಸರು ಮಾಡಿದರು, 2024ರಲ್ಲಿ ತೀರಿಕೊಂಡರು. ಅವರ ಸಾಧನೆಯನ್ನು ಮೆಚ್ಚಬೇಕು, ಹಾಗೆಂದು ಉಳಿದವರೂ ಹಾಗೆಯೇ ಹೆಣಗಲಿ ಎನ್ನುವುದು ನ್ಯಾಯವಲ್ಲ.

ಭಾರತದಲ್ಲಿ ಹೆಚ್ಚಿನವರು ಆಡುವುದು ಮೊಬೈಲಿನಲ್ಲಿ. ಸ್ಪರ್ಶಪರದೆಯನ್ನು ಒತ್ತಲು ಬಲ ಬೇಡ, ಆದರೆ ಬೆರಳಿಗೆ ತಗಲುವ ಗುಂಡಿಯೂ ಇಲ್ಲ. ಕೈ ನಡುಗಿದರೆ ಗುರಿ ತಪ್ಪುತ್ತದೆ. ಐಫೋನ್ 2013ರಿಂದ ಹೊರಗಿನ ಸ್ವಿಚ್ಚಿಗೆ ಅವಕಾಶ ಕೊಟ್ಟಿದೆ, ಆಂಡ್ರಾಯ್ಡ್‌ನಲ್ಲೂ ಅದು ಇದೆ. ಪರದೆಯ ಮೇಲಿನ ಆಯ್ಕೆಗಳನ್ನು ಒಂದಾದ ಮೇಲೊಂದು ತೋರಿಸುತ್ತ ಹೋಗುವ ಈ ಪದ್ಧತಿ ಚದುರಂಗಕ್ಕೆ ಸಾಕು, ಕಾರ್ ರೇಸಿಗೆ ಸಾಲದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು, ಅವರಲ್ಲಿ ಸುಮಾರು 54 ಲಕ್ಷ ಜನರದು ಚಲನೆಯ ತೊಂದರೆ. ಕರ್ನಾಟಕದಲ್ಲಿ ಎಲ್ಲ ಬಗೆಯ ಅಂಗವಿಕಲರು ಸೇರಿ 13 ಲಕ್ಷಕ್ಕೂ ಹೆಚ್ಚು. ದಿನಬಳಕೆಯ ಎಲೆಕ್ಟ್ರಾನಿಕ್ ವಸ್ತುಗಳು ಎಲ್ಲರೂ ಬಳಸಬಹುದಾದ ವಿನ್ಯಾಸದಲ್ಲಿ ಸಿಗುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೇ ಪ್ರಕರಣ ಹೇಳುತ್ತದೆ. ವಿಡಿಯೊ ಗೇಮ್‌ಗಳ ಪ್ರಸ್ತಾಪ ಅದರಲ್ಲಿಲ್ಲ.